ಫ್ರೆಂಚ್ ಸುಧಾರಿಸಿಕೊಳ್ಳಲು ಫ್ರಾನ್ಸಿನಲ್ಲಿ ಓದು: ಒಂದು ಸೆಮಿಸ್ಟರ್ ಸಾಕೇ, ಇಡೀ ವರ್ಷ ಬೇಕೇ?

ಪ್ರಶ್ನೆ (ಪದವಿ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಾನು ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಇತಿಹಾಸ ನನ್ನ ಮುಖ್ಯ ವಿಷಯ, ಅದರ ಜೊತೆಗೆ ಫ್ರೆಂಚ್ ಓದುತ್ತಿದ್ದೇನೆ. ಫ್ರೆಂಚ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಡೆಲ್ಫ್ ಪರೀಕ್ಷೆಯ ಬಿ1, ಅಂದರೆ ಮಧ್ಯಮ ಮಟ್ಟ, ಮುಗಿದಿದೆ. ನಿಘಂಟು ಪಕ್ಕದಲ್ಲಿದ್ದರೆ ಪತ್ರಿಕೆಯ ಲೇಖನಗಳನ್ನು ಓದಬಲ್ಲೆ, ಒಂದು ಪುಟದ ಪತ್ರವನ್ನೂ ಬರೆಯಬಲ್ಲೆ. ಆದರೆ ಇಬ್ಬರು ಫ್ರೆಂಚರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುವುದನ್ನು ಕೇಳಿದರೆ ಅರ್ಧಕ್ಕಿಂತ ಹೆಚ್ಚು ನನಗೆ ದಕ್ಕುವುದಿಲ್ಲ. ನಾನು ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ ಮುಗಿಸುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೊರಳಿರುತ್ತದೆ.

ಮುಂದಿನ ವರ್ಷ ಫ್ರಾನ್ಸಿನಲ್ಲಿ ಓದಲು ನಮ್ಮ ವಿಶ್ವವಿದ್ಯಾಲಯದಲ್ಲಿ ಎರಡು ಏರ್ಪಾಡುಗಳಿವೆ. ಮೊದಲನೆಯದು ಪ್ಯಾರಿಸ್‌ನಲ್ಲಿ ಒಂದು ಸೆಮಿಸ್ಟರ್. ನಮ್ಮಲ್ಲಿಂದಲೇ ಒಂದು ಗುಂಪು ಹೊರಡುತ್ತದೆ, ವಿದೇಶಿ ವಿದ್ಯಾರ್ಥಿಗಳಿಗೆಂದೇ ರೂಪಿಸಿದ ತರಗತಿಗಳಿರುತ್ತವೆ, ವಸತಿಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಎರಡನೆಯದು ಗ್ರೆನೋಬ್ಲ್‌ನಲ್ಲಿ ವಿನಿಮಯ ವಿದ್ಯಾರ್ಥಿನಿಯಾಗಿ ಇಡೀ ಒಂದು ವರ್ಷ. ಅಲ್ಲಿ ಫ್ರೆಂಚ್ ವಿದ್ಯಾರ್ಥಿಗಳ ಜೊತೆಯಲ್ಲೇ ಕುಳಿತು ಇತಿಹಾಸದ ಸಾಮಾನ್ಯ ತರಗತಿಗಳನ್ನು ಕೇಳಬೇಕು, ಅವರು ಬರೆಯುವ ಪರೀಕ್ಷೆಯನ್ನೇ ಬರೆಯಬೇಕು, ಮನೆಯನ್ನೂ ನಾನೇ ಹುಡುಕಿಕೊಳ್ಳಬೇಕು. ನನ್ನ ಆಸೆ ಎರಡನೆಯದರ ಕಡೆಗಿದೆ, ಆದರೆ ಅಂಕಗಳು ಕುಸಿದರೆ ಮುಂದೆ ಸ್ನಾತಕೋತ್ತರ ಪ್ರವೇಶಕ್ಕೆ ತೊಂದರೆಯಾದೀತೆಂಬ ಭಯ ನನಗೂ ಮನೆಯವರಿಗೂ ಇದೆ. ಭಾಷೆ ಚೆನ್ನಾಗಿ ಬರಬೇಕೆಂಬುದೇ ಮುಖ್ಯ ಗುರಿಯಾಗಿದ್ದರೆ ಯಾವುದನ್ನು ಆರಿಸಿಕೊಳ್ಳುವುದು ಒಳ್ಳೆಯದು? ಹೊರಡುವ ಮುನ್ನ ಏನು ತಯಾರಿ ಮಾಡಿಕೊಳ್ಳಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಹಿಂದೆ ವಿನಿಮಯ ವಿದ್ಯಾರ್ಥಿಯಾಗಿದ್ದವರು)

ನಮಸ್ಕಾರ. ನಿಮ್ಮ ಸ್ಥಿತಿಯಲ್ಲಿರುವವರಿಗೆ ಇಡೀ ವರ್ಷವೇ ಸರಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಮತ್ತು ಅದಕ್ಕೆ ಕಾರಣ ಫ್ರೆಂಚ್ ವಿಶ್ವವಿದ್ಯಾಲಯದ ವರ್ಷ ಸಾಗುವ ರೀತಿಯಲ್ಲೇ ಇದೆ. ಸೆಪ್ಟೆಂಬರಿನಲ್ಲಿ ತರಗತಿಗಳು ಆರಂಭವಾಗುತ್ತವೆ. ನೋಂದಣಿ, ಬ್ಯಾಂಕ್ ಖಾತೆ, ಬಾಡಿಗೆ ಕರಾರು, ದೀರ್ಘಾವಧಿ ವೀಸಾವನ್ನು ತಲುಪಿದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸುವುದು, ಇವುಗಳಲ್ಲೇ ಮೊದಲ ವಾರಗಳು ಕಳೆಯುತ್ತವೆ. ಅಕ್ಟೋಬರ್ ಕೊನೆಗೆ ತೂಸೆಂ ಎಂಬ ಕ್ರೈಸ್ತ ಹಬ್ಬದ ರಜೆ ಬರುತ್ತದೆ. ಡಿಸೆಂಬರ್ ಬಂತೆಂದರೆ ಪರೀಕ್ಷೆಯ ಕಾಲ. ಕಿವಿ ತೆರೆದುಕೊಳ್ಳುವುದು, ಅಂದರೆ ಉಪನ್ಯಾಸಕರ ಮಾತು ಪದಪದವಾಗಿ ಬೀಳದೆ ಅರ್ಥವಾಗಿ ಕೇಳಿಸತೊಡಗುವುದು, ಬಹಳ ಜನರಿಗೆ ಆ ಹೊತ್ತಿಗೇ. ಒಂದೇ ಸೆಮಿಸ್ಟರಿಗೆ ಹೋದವರು ಆಗ ಸೂಟ್‌ಕೇಸ್ ಕಟ್ಟುತ್ತಿರುತ್ತಾರೆ. ವರ್ಷಪೂರ್ತಿ ಉಳಿದವರು ಜನವರಿಯಲ್ಲಿ ಎರಡನೆಯ ಸೆಮಿಸ್ಟರಿಗೆ ಅದೇ ಸಹಪಾಠಿಗಳ ನಡುವೆ ಪರಿಚಿತರಾಗಿ ಕಾಲಿಡುತ್ತಾರೆ.

ತರಗತಿಗಳ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನು ಹೊರಡುವ ಮುನ್ನ ಯಾರೂ ಸರಿಯಾಗಿ ಹೇಳುವುದಿಲ್ಲ. ಅಲ್ಲಿ ಬಹುಪಾಲು ವಿಷಯಗಳಿಗೆ ಎರಡು ಬಗೆಯ ತರಗತಿಗಳಿರುತ್ತವೆ. ಕೂರ್ ಮಜಿಸ್ತ್ರಾಲ್ ಎಂಬುದು ದೊಡ್ಡ ಸಭಾಂಗಣದಲ್ಲಿ ನಡೆಯುವ ಉಪನ್ಯಾಸ. ಅಲ್ಲಿ ಪ್ರಾಧ್ಯಾಪಕರು ಮಾತನಾಡುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ, ಇಡೀ ವರ್ಷ ಬಾಯಿ ತೆರೆಯದೆ ಕುಳಿತರೂ ಯಾರಿಗೂ ಗೊತ್ತಾಗುವುದಿಲ್ಲ. ಟಿಡಿ ಎಂದು ಎಲ್ಲರೂ ಕರೆಯುವುದು ಸಣ್ಣ ಗುಂಪಿನ ಅಭ್ಯಾಸ ತರಗತಿಯನ್ನು. ಅಲ್ಲಿ ಹಾಜರಿ ತೆಗೆದುಕೊಳ್ಳುತ್ತಾರೆ, ದಾಖಲೆಯೊಂದನ್ನು ಕೊಟ್ಟು ವಿಶ್ಲೇಷಿಸಲು ಹೇಳುತ್ತಾರೆ, ಇಬ್ಬರು ಮೂವರು ಸೇರಿ ಎಕ್ಸ್‌ಪೊಜೆ, ಅಂದರೆ ಮೌಖಿಕ ಪ್ರಬಂಧ, ಮಂಡಿಸಬೇಕಾಗುತ್ತದೆ. ನಿಮ್ಮ ಫ್ರೆಂಚ್ ಬೆಳೆಯುವುದು ಈ ಎರಡನೆಯ ಜಾಗದಲ್ಲಿ. ಎಕ್ಸ್‌ಪೊಜೆಗಾಗಿ ಫ್ರೆಂಚ್ ಸಹಪಾಠಿಯೊಬ್ಬರ ಜೊತೆ ಗ್ರಂಥಾಲಯದಲ್ಲಿ ಕುಳಿತು, ಯಾವ ವಾಕ್ಯ ಎಲ್ಲಿ ಬರಬೇಕೆಂದು ಚರ್ಚಿಸಿ, ನೀವು ಬರೆದದ್ದನ್ನು ಅವರು ತಿದ್ದುವುದನ್ನು ಎದುರಿಗೇ ನೋಡುವ ಅವಕಾಶ ಬೇರೆ ಯಾವ ಭಾಷಾ ತರಗತಿಯಲ್ಲೂ ಸಿಗುವುದಿಲ್ಲ. ಹಾಗಾಗಿ ವಿಷಯಗಳನ್ನು ಆರಿಸುವಾಗ ಶೀರ್ಷಿಕೆಗಿಂತ ಮೊದಲು ಟಿಡಿ ಇದೆಯೇ ಎಂದು ನೋಡಿ. ಒಂದು ಸೆಮಿಸ್ಟರಿಗೆ ಸಾಮಾನ್ಯವಾಗಿ, ಯುರೋಪಿನ ವಿಶ್ವವಿದ್ಯಾಲಯಗಳು ಬಳಸುವ ಇಸಿಟಿಎಸ್ ಅಳತೆಯಲ್ಲಿ, 30 ಕ್ರೆಡಿಟ್‌ಗಳು; ನಿಮ್ಮ ವಿಶ್ವವಿದ್ಯಾಲಯ ಒಪ್ಪುವುದಾದರೆ ಮೊದಲ ಸೆಮಿಸ್ಟರಿನಲ್ಲಿ ಅದಕ್ಕಿಂತ ತುಸು ಕಡಿಮೆ ತೆಗೆದುಕೊಳ್ಳಿ.

ವಸತಿಯ ವಿಷಯದಲ್ಲಿ ಒಂದೇ ಮಾತು. ಕ್ರೂಸ್ ಎಂಬ ಸರ್ಕಾರಿ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ವಿದ್ಯಾರ್ಥಿ ನಿಲಯಗಳು ಅಗ್ಗ, ಆದರೆ ಅಲ್ಲಿರುವ ಫ್ರೆಂಚ್ ವಿದ್ಯಾರ್ಥಿಗಳಲ್ಲಿ ಅನೇಕರು ಶುಕ್ರವಾರ ಸಂಜೆ ಊರಿಗೆ ಹೊರಟುಬಿಡುತ್ತಾರೆ, ವಾರಾಂತ್ಯದಲ್ಲಿ ಉಳಿಯುವವರು ಹೆಚ್ಚಾಗಿ ವಿದೇಶಿಯರೇ. ಸಾಧ್ಯವಾದರೆ ಫ್ರೆಂಚ್ ಮಾತನಾಡುವವರ ಜೊತೆ ಕೊಲೊಕಾಸಿಯೋಂ, ಅಂದರೆ ಮನೆ ಹಂಚಿಕೊಂಡು ಇರುವ ವ್ಯವಸ್ಥೆ, ಹುಡುಕಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಆಡುವ ಮಾತಿನಲ್ಲಿ ಪಠ್ಯಪುಸ್ತಕದಲ್ಲಿಲ್ಲದ ಫ್ರೆಂಚ್ ಇರುತ್ತದೆ.

ಉತ್ತರ 2 (ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಬೋಧಿಸುವವರು)

ಮೇಲಿನವರ ಸಲಹೆಯನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯ ಸೇರಿಸದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ಹೊರದೇಶದಲ್ಲಿ ಓದಿ ಬಂದ ವಿದ್ಯಾರ್ಥಿಗಳಲ್ಲಿ ನಾನು ಕಂಡಿರುವಂತೆ, ಮಾತಿನ ಸರಾಗತೆ ಮತ್ತು ಕೇಳಿ ಗ್ರಹಿಸುವ ಶಕ್ತಿ ಅಲ್ಲಿ ಬದುಕುವುದರಿಂದಲೇ ಬಹುಮಟ್ಟಿಗೆ ಬೆಳೆಯುತ್ತವೆ. ವ್ಯಾಕರಣದ ನಿಖರತೆ ಹಾಗೆ ತಾನಾಗಿ ಬೆಳೆಯುವುದಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಗೆಳೆಯರ ನಡುವೆ ಲಿಂಗ ತಪ್ಪಿದರೂ ಕಾಲ ತಪ್ಪಿದರೂ ಕೆಲಸ ನಡೆದುಹೋಗುತ್ತದೆ, ಯಾರೂ ತಿದ್ದುವುದಿಲ್ಲ, ಏಕೆಂದರೆ ಮಾತನಾಡುವವರನ್ನು ನಡುವೆ ತಡೆದು ತಿದ್ದುವುದು ಅಸಭ್ಯವೆಂದು ಅವರೂ ಭಾವಿಸುತ್ತಾರೆ. ವೇಗ ಹೆಚ್ಚಿದಷ್ಟೂ ತಪ್ಪುಗಳೂ ಗಟ್ಟಿಯಾಗಿ ನೆಲೆಯೂರುತ್ತವೆ. ಸುಬ್ಜೊಂಕ್ತಿಫ್ ಎಂಬ ಕ್ರಿಯಾರೂಪ, ಸರ್ವನಾಮಗಳ ಸ್ಥಾನ, ಭೂತಕಾಲದ ಎರಡು ರೂಪಗಳ ನಡುವಿನ ಆಯ್ಕೆ, ಇವುಗಳನ್ನು ಸರಿಪಡಿಸಿಕೊಳ್ಳಬೇಕೆಂದರೆ ಬರೆಯಬೇಕು ಮತ್ತು ಬರೆದದ್ದನ್ನು ತಿದ್ದಿಸಿಕೊಳ್ಳಬೇಕು.

ಇದಕ್ಕೆ ಫ್ರಾನ್ಸಿನ ವಿಶ್ವವಿದ್ಯಾಲಯಗಳಲ್ಲಿ ಒಳ್ಳೆಯ ಅನುಕೂಲವಿದೆ. ವಿದೇಶಿಯರಿಗೆ ಫ್ರೆಂಚ್ ಕಲಿಸುವ ವಿಶೇಷ ಕೇಂದ್ರಗಳು ಹಲವೆಡೆ ವಿಶ್ವವಿದ್ಯಾಲಯದ ಭಾಗವಾಗಿಯೇ ಇವೆ: ಗ್ರೆನೋಬ್ಲ್‌ನಲ್ಲಿ ಸಿಯುಇಎಫ್, ಬೆಜಾಂಸೋಂ ನಗರದಲ್ಲಿ 1958ರಲ್ಲಿ ಆರಂಭವಾದ ಅನ್ವಯಿಕ ಭಾಷಾಶಾಸ್ತ್ರ ಕೇಂದ್ರ. ನೀವು ಹೋಗುವ ಕಡೆ ವಿನಿಮಯ ವಿದ್ಯಾರ್ಥಿಗಳಿಗೆ ವಾರಕ್ಕೆ ಒಂದೆರಡು ಭಾಷಾ ತರಗತಿಗಳಿವೆಯೇ, ಅವುಗಳಿಗೆ ಕ್ರೆಡಿಟ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಇತಿಹಾಸದ ಟಿಡಿಗಳ ಜೊತೆ ಇಂಥದೊಂದು ಬರವಣಿಗೆಯ ತರಗತಿ ಸೇರಿದರೆ ನಿಮ್ಮ ವರ್ಷ ಬಹಳ ಫಲಕಾರಿಯಾಗುತ್ತದೆ.

ಈ ಕ್ರಮ ಹೊಸದೇನಲ್ಲ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ 1923ರಲ್ಲಿ ಎಂಟು ವಿದ್ಯಾರ್ಥಿಗಳನ್ನು ಪದವಿಯ ಮೂರನೆಯ ವರ್ಷಕ್ಕೆಂದು ಫ್ರಾನ್ಸಿಗೆ ಕಳುಹಿಸಿದಾಗ, ಅವರು ಮೊದಲು ನಾನ್ಸಿ ನಗರದಲ್ಲಿ ಭಾಷೆಯನ್ನು ಹದಗೊಳಿಸಿಕೊಂಡು ಆಮೇಲೆ ಪ್ಯಾರಿಸ್‌ಗೆ ಹೋಗಿ ಓದಿದರು. ಮೊದಲು ಭಾಷೆಗೆ ಕೆಲಕಾಲ, ನಂತರ ವಿಷಯಕ್ಕೆ ಉಳಿದ ವರ್ಷ ಎಂಬ ಆ ವಿವೇಕ ಈಗಲೂ ಸರಿಯಾದದ್ದು. ಸಾಧ್ಯವಿದ್ದರೆ ಆಗಸ್ಟ್ ಕೊನೆಯಲ್ಲೇ ತಲುಪಿ, ತರಗತಿಗಳಿಗೆ ಮುನ್ನ ಕೇಂದ್ರದ ಪೂರ್ವಸಿದ್ಧತಾ ಕೋರ್ಸ್ ಇದ್ದರೆ ಅದಕ್ಕೆ ಸೇರಿಕೊಳ್ಳಿ.

ಅಂಕಗಳ ಭಯದ ಬಗ್ಗೆ: ಅಲ್ಲಿ 20ಕ್ಕೆ ಅಂಕ ಕೊಡುತ್ತಾರೆ, 10 ಬಂದರೆ ಉತ್ತೀರ್ಣ. 12ಕ್ಕೆ ‘ಸಾಕಷ್ಟು ಚೆನ್ನ’, 14ಕ್ಕೆ ‘ಚೆನ್ನ’, 16ಕ್ಕೆ ‘ಬಹಳ ಚೆನ್ನ’ ಎಂಬ ದರ್ಜೆಗಳಿವೆ, ಮತ್ತು ಮಾನವಿಕ ವಿಷಯಗಳಲ್ಲಿ 16 ದಾಟುವುದು ಫ್ರೆಂಚ್ ವಿದ್ಯಾರ್ಥಿಗಳಿಗೂ ಅಪರೂಪ. ಇದನ್ನು ಅರಿಯದ ಕಚೇರಿಯೊಂದು 12ನ್ನು ನೂರಕ್ಕೆ ಅರವತ್ತೆಂದು ನೇರವಾಗಿ ಲೆಕ್ಕ ಹಾಕಿದರೆ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಅಂಕಗಳನ್ನು ಹೇಗೆ ಪರಿವರ್ತಿಸುತ್ತಾರೆ, ಅಥವಾ ಉತ್ತೀರ್ಣ ಎಂದಷ್ಟೇ ದಾಖಲಿಸುತ್ತಾರೆಯೇ ಎಂಬುದನ್ನು ನಿಮ್ಮ ವಿಭಾಗದಿಂದ ಲಿಖಿತವಾಗಿ ಪಡೆದುಕೊಳ್ಳದೆ ಹೊರಡಬೇಡಿ. ಅದರ ಜೊತೆಗೆ ಫ್ರೆಂಚ್ ಪ್ರಬಂಧದ ಕಟ್ಟುನಿಟ್ಟಾದ ರೂಪವನ್ನು ಈಗಲೇ ಕಲಿಯಿರಿ. ಪೀಠಿಕೆಯಲ್ಲಿ ವಿಷಯದೊಳಗಿನ ಮೂಲಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಬೇಕು, ಅದಕ್ಕೆ ಎರಡು ಅಥವಾ ಮೂರು ಭಾಗಗಳ ಯೋಜನೆಯನ್ನು ಮುಂದಾಗಿಯೇ ಪ್ರಕಟಿಸಬೇಕು, ನಂತರ ಆ ಕ್ರಮವನ್ನು ಬಿಡದೆ ಸಾಗಬೇಕು. ಎಷ್ಟು ವಿಷಯ ತಿಳಿದಿದ್ದರೂ ಈ ಚೌಕಟ್ಟು ಇಲ್ಲದ ಉತ್ತರಕ್ಕೆ ಅಂಕ ಬರುವುದಿಲ್ಲ. ಭಾಷೆ ತುಸು ಕುಂಟಿದರೂ ಚೌಕಟ್ಟು ಸರಿಯಿದ್ದರೆ ಪರೀಕ್ಷಕರು ಉದಾರವಾಗಿರುತ್ತಾರೆ.

ಇನ್ನು ತಯಾರಿ. ವಿಶ್ವವಿದ್ಯಾಲಯದ ಸಾಮಾನ್ಯ ತರಗತಿಗಳಿಗೆ ಬಿ1ರ ಮೇಲಿನ ಬಿ2 ಮಟ್ಟವನ್ನು ನಿರೀಕ್ಷಿಸುವುದು ವಾಡಿಕೆ, ಆದ್ದರಿಂದ ಉಳಿದ ತಿಂಗಳುಗಳನ್ನು ಅದಕ್ಕೇ ಮೀಸಲಿಡಿ. ನೀವು ಹೇಳಿದ ತೊಂದರೆ, ಅವರವರ ನಡುವಿನ ಮಾತು ತಿಳಿಯದಿರುವುದು, ಬಹುತೇಕ ಪದಸಂಪತ್ತಿನ ಕೊರತೆಯಿಂದ ಬಂದದ್ದಲ್ಲ. ಆಡುಮಾತಿನಲ್ಲಿ ನಿಷೇಧದ ‘ನ’ ಬಿದ್ದುಹೋಗುತ್ತದೆ, ‘ನಾವು’ ಎಂಬರ್ಥದ ‘ನೂ’ ಬದಲಿಗೆ ‘ಓಂ’ ಬರುತ್ತದೆ, ದುರ್ಬಲ ಸ್ವರಗಳು ಮಾಯವಾಗಿ ‘ಜ ನ ಸೆ ಪಾ’ (ನನಗೆ ಗೊತ್ತಿಲ್ಲ) ಎಂಬ ನಾಲ್ಕು ಪದಗಳು ‘ಶೆಪಾ’ ಎಂಬ ಒಂದೇ ಉಸಿರಾಗುತ್ತವೆ. ಕಣ್ಣಿಗೆ ಪರಿಚಿತವಾದದ್ದನ್ನೇ ಕಿವಿ ಗುರುತಿಸುತ್ತಿಲ್ಲ, ಅಷ್ಟೆ. ಆರ್‌ಎಫ್‌ಐ ವಾಹಿನಿಯ ‘ಸುಲಭ ಫ್ರೆಂಚ್’ ವಾರ್ತೆಯಿಂದ ಆರಂಭಿಸಿ, ಲಿಖಿತ ಪಠ್ಯವನ್ನು ಎದುರಿಗಿಟ್ಟುಕೊಂಡು ಅದೇ ತುಣುಕನ್ನು ಮತ್ತೆ ಮತ್ತೆ ಕೇಳಿ, ನಂತರ ಸಂದರ್ಶನಗಳಿಗೆ, ಆಮೇಲೆ ಹರಟೆಯ ಪಾಡ್‌ಕಾಸ್ಟ್‌ಗಳಿಗೆ ಬನ್ನಿ. ದಿನಕ್ಕೆ ಸ್ವಲ್ಪವೇ ಆದರೂ ಬಿಡದೆ ಮಾಡಿದರೆ ಸೆಪ್ಟೆಂಬರಿನ ಮೊದಲ ಆಘಾತ ಬಹಳಷ್ಟು ತಗ್ಗುತ್ತದೆ.

ಉತ್ತರ 3 (ಪ್ಯಾರಿಸ್‌ನಲ್ಲಿ ಒಂದು ಸೆಮಿಸ್ಟರ್ ಓದಿದವರು)

ಇಬ್ಬರೂ ಹಿರಿಯರು ಬರೆದದ್ದು ಸರಿಯಾಗಿದೆ, ಆದರೂ ಒಂದು ಸೆಮಿಸ್ಟರ್ ಹೋಗುವುದು ವ್ಯರ್ಥವೆಂಬ ಭಾವನೆ ಓದುವವರಲ್ಲಿ ಉಳಿಯಬಾರದು. ಹಣದ ಕಾರಣದಿಂದಲೋ ಮನೆಯ ಜವಾಬ್ದಾರಿಯಿಂದಲೋ ವರ್ಷಪೂರ್ತಿ ಹೋಗಲಾಗದವರು ಅನೇಕರಿದ್ದಾರೆ. ಪ್ಯಾರಿಸ್‌ನಲ್ಲಿ ಫ್ರೆಂಚ್ ಬರುವುದಿಲ್ಲ ಎಂಬ ಮಾತನ್ನು ಪದೇ ಪದೇ ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ಅಡ್ಡಿಯಾಗುವುದು ನಗರವಲ್ಲ, ಜೊತೆಯಲ್ಲಿ ಬಂದ ಗುಂಪು. ಬೆಳಿಗ್ಗೆ ಒಟ್ಟಿಗೆ ತರಗತಿ, ಮಧ್ಯಾಹ್ನ ಒಟ್ಟಿಗೆ ಊಟ, ವಾರಾಂತ್ಯದಲ್ಲಿ ಒಟ್ಟಿಗೆ ಪ್ರವಾಸ ಎಂದಾದರೆ ಫ್ರಾನ್ಸಿನ ಅತ್ಯಂತ ಚಿಕ್ಕ ಊರಿನಲ್ಲಿದ್ದರೂ ಅಷ್ಟೇ.

ನಾನು ಒಂದು ಕುಟುಂಬದ ಮನೆಯಲ್ಲಿ ಕೋಣೆ ಪಡೆದು, ಸಂಜೆಯ ಊಟವನ್ನು ಅವರ ಜೊತೆಯಲ್ಲೇ ಮಾಡುವ ವ್ಯವಸ್ಥೆ ಮಾಡಿಕೊಂಡಿದ್ದೆ. ಗುಂಪಿನ ಕಾರ್ಯಕ್ರಮದೊಳಗೇ ಇದ್ದರೂ, ಸಂಯೋಜಕರಲ್ಲಿ ವಿನಂತಿಸಿ ಒಂದು ವಿಷಯವನ್ನು ಪಾಲುದಾರ ವಿಶ್ವವಿದ್ಯಾಲಯದ ಸಾಮಾನ್ಯ ತರಗತಿಯಲ್ಲಿ ಓದಲು ಅನುಮತಿ ಪಡೆದೆ. ಬಹಳ ಕಾರ್ಯಕ್ರಮಗಳಲ್ಲಿ ಇದಕ್ಕೆ ಅವಕಾಶವಿರುತ್ತದೆ, ಕೇಳುವವರು ಕಡಿಮೆ. ಇದರ ಜೊತೆಗೆ ನನಗೆ ಹೆಚ್ಚು ಸಹಾಯ ಮಾಡಿದ್ದು ತಾಂದೆಮ್ ಎಂಬ ವಿನಿಮಯ ಪದ್ಧತಿ: ವಾರಕ್ಕೊಮ್ಮೆ ಭೇಟಿಯಾಗಿ ಒಂದು ಗಂಟೆ ಫ್ರೆಂಚ್, ಒಂದು ಗಂಟೆ ಅವರು ಕಲಿಯಬಯಸುವ ಭಾಷೆ. ಇಲ್ಲಿ ತಿದ್ದುವುದು ಒಪ್ಪಂದದ ಭಾಗವಾದ್ದರಿಂದ ಅಸಭ್ಯತೆಯ ಪ್ರಶ್ನೆಯೇ ಬರುವುದಿಲ್ಲ. ಪ್ರಶ್ನೆ ಕೇಳಿದವರಿಗೆ ವರ್ಷವಿಡೀ ಹೋಗುವ ಅವಕಾಶ ನಿಜವಾಗಿ ಇದೆಯೆಂದಾದರೆ ಗ್ರೆನೋಬ್ಲ್ ಆರಿಸಿಕೊಳ್ಳಲಿ. ಇಲ್ಲದವರು ಧೈರ್ಯಗೆಡುವುದು ಬೇಡ.

ಉತ್ತರ 4 (ಕೆನಡಾದಲ್ಲಿ ಓದುತ್ತಿರುವವರು)

ಚರ್ಚೆ ಫ್ರಾನ್ಸಿಗೇ ಸೀಮಿತವಾಗಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಇದೇ ಪ್ರಶ್ನೆಯೊಂದಿಗೆ ಬರುವ ಇತರರು ಕೆಬೆಕ್, ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ಗಳನ್ನೂ ನೋಡಬೇಕು. ಮಾಂಟ್ರಿಯಲ್‌ನಲ್ಲಿ ಯೂನಿವರ್ಸಿತೆ ದ ಮೋಂರೆಯಾಲ್ ಮತ್ತು ಯುಕಾಮ್ ಫ್ರೆಂಚ್ ಮಾಧ್ಯಮದವು, ಮೆಗಿಲ್ ಮತ್ತು ಕಾಂಕಾರ್ಡಿಯಾ ಇಂಗ್ಲಿಷ್ ಮಾಧ್ಯಮದವು. ಹೆಸರು ನೋಡಿ ಮೋಸ ಹೋಗಬಾರದು. ಮಾಂಟ್ರಿಯಲ್ ಸುಂದರ ನಗರ, ಆದರೆ ನೀವು ತಡವರಿಸಿದ ಕೂಡಲೇ ಎದುರಿನವರು ಇಂಗ್ಲಿಷಿಗೆ ತಿರುಗಿಬಿಡುತ್ತಾರೆ. ಲವಾಲ್ ವಿಶ್ವವಿದ್ಯಾಲಯವಿರುವ ಕೆಬೆಕ್ ನಗರದಲ್ಲಿ ಹಾಗಾಗುವುದು ಬಹಳ ಕಡಿಮೆ. ಉಚ್ಚಾರಣೆ ಬೇರೆ, ಕೆಲವು ದಿನಬಳಕೆಯ ಪದಗಳೂ ಬೇರೆ: ಫ್ರಾನ್ಸಿನಲ್ಲಿ ಮಧ್ಯಾಹ್ನದ ಊಟವಾದ ‘ದೆಜನೆ’ ಇಲ್ಲಿ ಬೆಳಗಿನ ಉಪಾಹಾರ. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ಎಪ್ಪತ್ತಕ್ಕೆ ‘ಸೆಪ್ತಾಂತ್’, ತೊಂಬತ್ತಕ್ಕೆ ‘ನೊನಾಂತ್’ ಎನ್ನುತ್ತಾರೆ, ಇದು ಕಲಿಯುವವರಿಗೆ ಸುಲಭವೇ. ಇಂಥ ವ್ಯತ್ಯಾಸಗಳಿಂದ ಭಾಷೆ ಕೆಡುತ್ತದೆಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ವಿಶ್ವವಿದ್ಯಾಲಯದ ಬರವಣಿಗೆಯ ಫ್ರೆಂಚ್ ಎಲ್ಲ ಕಡೆಯೂ ಬಹುಪಾಲು ಒಂದೇ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ನಮ್ಮ ವಿಭಾಗದ ಮುಖ್ಯಸ್ಥರನ್ನು ಕಂಡು ಅಂಕ ಪರಿವರ್ತನೆಯ ಬಗ್ಗೆ ಕೇಳಿದೆ. ನಮ್ಮಲ್ಲಿ ವಿನಿಮಯ ವರ್ಷದ ಅಂಕಗಳನ್ನು ಸರಾಸರಿಗೆ ಸೇರಿಸುವುದಿಲ್ಲ, ಉತ್ತೀರ್ಣಳಾದರೆ ಸಾಕು ಎಂದು ತಿಳಿಯಿತು. ಇದನ್ನು ಬರವಣಿಗೆಯಲ್ಲಿ ಕೊಡುವಂತೆ ಅರ್ಜಿ ಸಲ್ಲಿಸಿದ್ದೇನೆ. ಹಾಗಾಗಿ ಗ್ರೆನೋಬ್ಲ್‌ಗೆ ಅರ್ಜಿ ಹಾಕಲು ಮನೆಯಲ್ಲೂ ಒಪ್ಪಿದ್ದಾರೆ. ಎರಡು ಸಂದೇಹಗಳು ಉಳಿದಿವೆ. ಫ್ರೆಂಚ್ ಸಹಪಾಠಿಗಳೇ ತಮ್ಮ ಇಂಗ್ಲಿಷ್ ಅಭ್ಯಾಸಕ್ಕಾಗಿ ನನ್ನೊಡನೆ ಇಂಗ್ಲಿಷ್ ಮಾತನಾಡಲು ಬಯಸಿದರೆ ಮನಸ್ಸು ನೋಯದಂತೆ ಹೇಗೆ ನಿಭಾಯಿಸಬೇಕು? ಮತ್ತು ವರ್ಷ ಮುಗಿಯುವ ಹೊತ್ತಿಗೆ ಯಾವ ಪರೀಕ್ಷೆ ಬರೆಯುವುದು ಸೂಕ್ತ?

ಉತ್ತರ 1ನ್ನು ಬರೆದವರಿಂದ

ಬಹಳ ಸಂತೋಷ. ಮೊದಲ ಸಂದೇಹಕ್ಕೆ: ಪರಿಚಯವಾದ ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಡುವುದು ಉತ್ತಮ. ನಾನು ಫ್ರೆಂಚ್ ಕಲಿಯಲೆಂದೇ ಬಂದಿದ್ದೇನೆ, ನಿಧಾನವಾದರೂ ಫ್ರೆಂಚಿನಲ್ಲೇ ಮಾತನಾಡುತ್ತೇನೆ ಎಂದರೆ ಯಾರೂ ಬೇಸರಿಸುವುದಿಲ್ಲ. ಯಾವ ಭಾಷೆಯಲ್ಲಿ ಸ್ನೇಹ ಆರಂಭವಾಗುತ್ತದೋ ಅದೇ ಭಾಷೆಯಲ್ಲಿ ಅದು ಮುಂದುವರಿಯುತ್ತದೆ. ಎರಡು ತಿಂಗಳ ಮೇಲೆ ಬದಲಾಯಿಸುವುದು ಕಷ್ಟ. ಅವರು ಇಂಗ್ಲಿಷಿಗೆ ತಿರುಗಿದಾಗಲೂ ನೀವು ಫ್ರೆಂಚಿನಲ್ಲೇ ಉತ್ತರಿಸಿ. ಇದಕ್ಕಿಂತ ಸುಲಭದ ದಾರಿಯೆಂದರೆ ಕೈಗೆ ಕೆಲಸವಿರುವ ಜಾಗಗಳನ್ನು ಹುಡುಕುವುದು. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ, ಗಾಯನ ವೃಂದ, ಗ್ರೆನೋಬ್ಲ್‌ನಲ್ಲಿ ಸುತ್ತಲೂ ಬೆಟ್ಟಗಳಿರುವುದರಿಂದ ಚಾರಣದ ಸಂಘಗಳು, ಇಲ್ಲೆಲ್ಲ ಮಾತು ಕೆಲಸದ ಸುತ್ತ ಹರಿಯುತ್ತದೆ, ನಿಮ್ಮ ಭಾಷೆಯ ಕಡೆ ಯಾರ ಗಮನವೂ ಇರುವುದಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆಗಳವರೆಗೆ ಕೆಲಸ ಮಾಡಲು ಅನುಮತಿಯಿದೆ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕರೆ ಬಿಡಬೇಡಿ. ಮಕ್ಕಳು ನಿಮಗಾಗಿ ಮಾತಿನ ವೇಗ ತಗ್ಗಿಸುವುದಿಲ್ಲ, ಅರ್ಥವಾಗದಿದ್ದರೆ ಅದನ್ನೇ ಎಷ್ಟು ಸಲ ಬೇಕಾದರೂ ಹೇಳುತ್ತಾರೆ, ತಪ್ಪಾಡಿದರೆ ತಕ್ಷಣ ತಿದ್ದುತ್ತಾರೆ.

ಉತ್ತರ 2ನ್ನು ಬರೆದವರಿಂದ

ಪರೀಕ್ಷೆಯ ಬಗ್ಗೆ: ಹೊರಡುವ ಮುನ್ನ ಬಿ2 ಮುಗಿಸಿದ್ದರೆ, ವರ್ಷದ ಕೊನೆಗೆ ಅದರ ಮೇಲಿನ ಹಂತದ ಪರೀಕ್ಷೆಯಾದ ಡಾಲ್ಫ್ ಸಿ1 ನಿಮ್ಮ ಕೈಗೆಟುಕುವ ಗುರಿ. ಡೆಲ್ಫ್ ಮತ್ತು ಡಾಲ್ಫ್ ಪ್ರಮಾಣಪತ್ರಗಳಿಗೆ ಅವಧಿಯ ಮಿತಿಯಿಲ್ಲ. ಟಿಸಿಎಫ್ ಎಂಬ ಇನ್ನೊಂದು ಫ್ರೆಂಚ್ ಪರೀಕ್ಷೆಯ ಫಲಿತಾಂಶ ಎರಡು ವರ್ಷ ಮಾತ್ರ ಊರ್ಜಿತ, ಆದ್ದರಿಂದ ಅದನ್ನು ಯಾವುದಾದರೂ ಪ್ರವೇಶಕ್ಕೆ ನಿರ್ದಿಷ್ಟವಾಗಿ ಕೇಳಿದಾಗ ಮಾತ್ರ ಬರೆದರೆ ಸಾಕು. ಸಿ1ರಲ್ಲಿ ಹಲವು ದಾಖಲೆಗಳನ್ನು ಓದಿ ಅವುಗಳ ಸಾರವನ್ನು ಒಂದೇ ಬರಹವಾಗಿ ಹೆಣೆಯುವ ಭಾಗವಿದೆ. ಇತಿಹಾಸದ ಟಿಡಿಗಳಲ್ಲಿ ವರ್ಷವಿಡೀ ದಾಖಲೆಗಳ ಮೇಲೆ ಕೆಲಸ ಮಾಡಿದವರಿಗೆ ಇದು ಅಪರಿಚಿತವಲ್ಲ, ಆದರೂ ತಮ್ಮ ಅಭಿಪ್ರಾಯ ಸೇರಿಸದೆ ಬರೆಯುವ ಅಭ್ಯಾಸವನ್ನು ಬೇರೆಯಾಗಿ ಮಾಡಬೇಕು. ಪರೀಕ್ಷೆಯನ್ನು ಹಿಂದಿರುಗಿದ ಮೇಲೆ ಎಂದು ಮುಂದೂಡದೆ ಅಲ್ಲೇ, ತರಗತಿಗಳು ಮುಗಿಯುವ ಮೇ ಅಥವಾ ಜೂನ್‌ನಲ್ಲಿ ಬರೆಯಿರಿ. ನೋಂದಣಿ ಹಲವು ವಾರಗಳ ಮೊದಲೇ ಮುಚ್ಚುತ್ತದೆ, ಸ್ಥಳಗಳೂ ಬೇಗ ತುಂಬುತ್ತವೆ. ಹಾಗಾಗಿ ಎರಡನೆಯ ಸೆಮಿಸ್ಟರ್ ಆರಂಭವಾದ ಕೂಡಲೇ ಪರೀಕ್ಷಾ ಕೇಂದ್ರಕ್ಕೆ ಹೋಗಿ ದಿನಾಂಕವನ್ನು ವಿಚಾರಿಸಿಕೊಳ್ಳಿ.